ಗಾಜಿನಲ್ಲಿ ಉಳಿದದ್ದು

ಹಳೆಯ ಮಾನಿಟರನ್ನು ಗುಜರಿಗೆ ಹಾಕುತ್ತಾರೆಂದು ಕಿವಿಗೆ ಬಿದ್ದದ್ದೇ ತಡ, ಎಲೋದಿಯಾ ಬೆಂಚಿನಿಂದ ಎದ್ದು ನಿಂತಳು.

"ಸಾಹೇಬ್ರೇ, ಅದರೊಳಗೆ ನನ್ನ ಮಗನ ಕಡತ ಇದೆಯಲ್ಲ!"

"ಕಡತ ಕಂಪ್ಯೂಟರಲ್ಲಿರತ್ತೆ ಅಮ್ಮ. ಇದು ಬರೀ ಗಾಜು," ಎಂದ ಬಾಲ್ತಾಸಾರ್. ಗಡಿಯ ಈ ಸಣ್ಣ ಮೆಕ್ಸಿಕನ್ ಊರಿನಲ್ಲಿ ಕಾಣೆಯಾದವರನ್ನು ಹುಡುಕುವ ಕಚೇರಿಗೆ ಅವನೇ ಗುಮಾಸ್ತ, ಅವನೇ ಸಾಹೇಬ.

ಅವಳ ಮಗ ಆಬುಂದಿಯೋ ಟೈರಿಗೆ ಗಾಳಿ ಹಾಕಿಸಲು ಹೋದವನು ಮನೆಗೆ ಮರಳಿರಲಿಲ್ಲ. ಮೂರು ವರ್ಷವಾಯಿತು. ಪ್ರತಿ ಮಂಗಳವಾರ ಅವಳು ಜೋಳದ ಕಡುಬಿನಂಥ ಬಿಸಿ ತಮಾಲೆ ತಂದು ಬಾಲ್ತಾಸಾರನ ಮೇಜಿನ ಮೇಲಿಟ್ಟು, ಎದುರಿಗೆ ಕೂರುತ್ತಿದ್ದಳು. ಅಲ್ಲಿಂದ ಕಾಣುತ್ತಿದ್ದದ್ದು ಮಾನಿಟರಿನ ಬೆನ್ನು, ಅದರ ಮೇಲೆ ಅವನ ಗಂಟಿಕ್ಕಿದ ಹುಬ್ಬು. ಎಂಥ ಶ್ರದ್ಧೆ! ಪರದೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಆಗಾಗ "ಛೇ, ಇನ್ನೊಂದೇ ಒಂದು ಸಿಕ್ಕಿದ್ರೆ ಮುಗೀತಿತ್ತು!" ಎಂದು ಮೇಜು ಗುದ್ದುತ್ತಿದ್ದ. ಆ ಮಾತೊಂದನ್ನೇ ನಂಬಿಕೊಂಡು ಅವಳು ಮುಂದಿನ ಮಂಗಳವಾರದವರೆಗೆ ದಿನ ದೂಡುತ್ತಿದ್ದಳು.

ಮಕ್ಕಳು ಕಾಣೆಯಾದ ಊರಿನ ಉಳಿದ ತಾಯಂದಿರು ಕಬ್ಬಿಣದ ಸರಳು ಹೊತ್ತು ಬಯಲಿಗೆ ಹೋಗುತ್ತಿದ್ದರು. ಸರಳನ್ನು ನೆಲಕ್ಕೆ ಹೊಡೆದು, ಹೊರಗೆಳೆದು, ತುದಿ ಮೂಸುವುದು. ವಾಸನೆ ಬಂದರೆ ಅಗೆಯುವುದು. ಪಕ್ಕದ ಮನೆಯ ಚೋಲೆ ಬೇಡಿಕೊಂಡಿದ್ದಳು: "ಟೈರಂಗಡಿ ಹಿಂದಿನ ದಿಬ್ಬ ಒಂದು ನೋಡ್ಬಿಡೋಣ, ಬಾರೇ."

"ಹೆಣ ಹುಡುಕೋಕೆ ನೀವು ಹೋಗಿ. ನನ್ನ ಮಗನ್ನ ಸಾಹೇಬ್ರು ಜೀವಂತ ಹುಡುಕ್ತಿದ್ದಾರೆ," ಎಂದು ಎಲೋದಿಯಾ ಬಾಗಿಲು ಹಾಕಿಕೊಂಡಿದ್ದಳು. ನೀವು ಕೆದಕಿದರೆ ನನ್ನ ತನಿಖೆ ಕೆಡುತ್ತದೆ ಎಂದು ಬಾಲ್ತಾಸಾರನೂ ಗದರಿದ್ದ. ಆ ಮಾತು ಹಿಡಿದು ಅವಳು ಅಡ್ಡ ನಿಂತಳೆಂದೇ ಉಳಿದವರೂ ಆ ದಿಬ್ಬ ಮುಟ್ಟಲಿಲ್ಲ. ಕಳೆದ ತಿಂಗಳು ಅದನ್ನು ಮಟ್ಟ ಮಾಡಿ, ಲಾರಿಗಳು ನಿಲ್ಲಲೆಂದು ಕಾಂಕ್ರೀಟು ಸುರಿದರು. ಆಗಲೂ ಅವಳು ಅಳಲಿಲ್ಲ.

ಇವತ್ತು ಹೊಸ ಮಾನಿಟರ್ ಜೋಡಿಸಲು ಬಂದ ಮೌರಾ ಮಹಾ ಬಾಯಿಬಡುಕಿ.

"ಬೆಳಕು ತಗ್ಗಿಸಿದೀನಿ, ಸಾಹೇಬ್ರೇ. ಐದು ನಿಮಿಷ ಮುಟ್ಟದಿದ್ರೆ ತಾನಾಗೇ ಆರತ್ತೆ. ಒಂದೇ ಚಿತ್ರ ವರ್ಷಗಟ್ಟಲೆ ಇಟ್ಕೊಂಡು ಕೂತ್ರೆ ಇದಕ್ಕೂ ಅದೇ ಗತಿ. ಹಳೇದರ ಗಾಜಿಗೆ ಅಚ್ಚು ಬಿದ್ದುಬಿಟ್ಟಿದೆ, ಏನು ಹಾಕಿದ್ರೂ ಹಿಂದೆ ಅದೇ ಕಾಣತ್ತೆ."

"ಕೆಲಸ ಹಾಗಿರತ್ತೆ. ಬೇಗ ಒಯ್ಯಮ್ಮ ಅದನ್ನ," ಎಂದ ಬಾಲ್ತಾಸಾರ್.

ಎಲೋದಿಯಾ ಮೌರಾಳ ಕೈ ಹಿಡಿದುಕೊಂಡಳು. ಮಗನದೆಂದು ಅವಳಲ್ಲಿದ್ದ ಒಂದೇ ಫೋಟೋ ದೂರಿನ ಜೊತೆ ಇಲ್ಲಿಗೆ ಬಂದು, ಎಲ್ಲೋ ಸೇರಿಹೋಗಿತ್ತು. ಈಚೆಗೆ ಅವನ ಮೂಗು ಹೇಗಿತ್ತೆಂಬುದೇ ನೆನಪಿಗೆ ಬರುತ್ತಿರಲಿಲ್ಲ.

"ಮಗಳೇ, ಸಾಹೇಬ್ರು ಮೂರು ವರ್ಷ ನನ್ನ ಹುಡುಗನ್ನೇ ನೋಡ್ತಾ ಕೂತಿದ್ರು. ಅವನ ಮುಖ ಅದರಲ್ಲಿ ನಿಂತಿರತ್ತಲ್ವಾ? ಅದನ್ನ ನಂಗೆ ಕೊಟ್ಬಿಡು."

ಮೌರಾ ಬಾಲ್ತಾಸಾರನತ್ತ ನೋಡಿದಳು.

"ಬೇಡ ಬಿಡಿ ಅಮ್ಮ," ಎಂದಳು.

"ಒಂದೇ ಒಂದ್ಸಲ ತೋರಿಸು. ನಿನ್ನ ಕಾಲಿಗೆ ಬೀಳ್ತೀನಿ."

"ಅದು ಸರ್ಕಾರಿ ಸಾಮಾನು!" ಬಾಲ್ತಾಸಾರ್ ಎದ್ದೇಬಿಟ್ಟ.

ಮೌರಾ ಅವನ ಮಾತಿಗೆ ಕಿವಿಗೊಡದೆ ಮಾನಿಟರನ್ನು ಬೆಂಚಿನ ಮೇಲಿಟ್ಟು, ತಂತಿ ಸಿಕ್ಕಿಸಿದಳು. ಬೂದು ಬೆಳಕು ಹರಡಿತು. ಅದರಲ್ಲಿ ಏನೋ ಮಸುಕಾಗಿ ಮೂಡುತ್ತಿತ್ತು. ಎಲೋದಿಯಾ ಶಾಲಿನ ತುದಿಯಿಂದ ಗಾಜನ್ನು ಮೆಲ್ಲಗೆ ಒರೆಸಿ, ಮುಖವನ್ನು ಹತ್ತಿರಕ್ಕೆ ಒಯ್ದಳು.

ಮೇಲಿನ ಮೂಲೆಯಲ್ಲಿ ಕವುಚಿಟ್ಟ ಒಂದು ಕಟ್ಟು, ಪಕ್ಕದಲ್ಲಿ ನಾಲ್ಕು ಖಾಲಿ ಚೌಕ, ಕೆಳಗೆ ಈ ತುದಿಯಿಂದ ಆ ತುದಿಗೆ ಏಳು ಸಾಲು ಇಸ್ಪೀಟು ಎಲೆ.