ಎದುರಿನ ಕುರ್ಚಿ

ಆಪ್ತ ಸಮಾಲೋಚಕಿ ವಸುಮತಿಗೆ ಆ ಖಾಲಿ ಕುರ್ಚಿಯ ಮೇಲೆ ತುಂಬು ನಂಬಿಕೆ. ಸಂಗಾತಿಯನ್ನು ಕಳೆದುಕೊಂಡವರು ವಾರಕ್ಕೊಮ್ಮೆ ಅವಳ ಮುಂದೆ ವೃತ್ತಾಕಾರವಾಗಿ ಕೂರುತ್ತಿದ್ದರು. ಸತ್ತವರು ಆ ಕುರ್ಚಿಯಲ್ಲಿದ್ದಾರೆಂದು ಭಾವಿಸಿ ಒಬ್ಬೊಬ್ಬರಾಗಿ ಮಾತಾಡುತ್ತಿದ್ದರು. ಆಮೇಲೆ ತಾವೇ ಅಲ್ಲಿ ಕೂತು ಸತ್ತವರ ಪರವಾಗಿ ಉತ್ತರ ಕೊಡುತ್ತಿದ್ದರು. ಅಲ್ಲಿ ಕೂತವರು ತಮ್ಮನ್ನು ತಾವು ಕ್ಷಮಿಸದೆ ಎದ್ದದ್ದೇ ಇಲ್ಲ.

ಮೂರು ತಿಂಗಳಿಂದ ಬಾಯಿ ಬಿಡದಿದ್ದ ಪುಟ್ಟತಾಯಮ್ಮ ಅಂದು ಕುರ್ಚಿಯತ್ತ ತಿರುಗಿದಳು.

“ಊಟ ಆದ್ಮೇಲೆ ನಂಗೆ ಜೋಂಪು ಹತ್ಬಿಡ್ತು ಕಣ್ರೀ. ನೀವು ಎದೆನೋವು ಅಂತ ಮೂರು ಸಲ ಕೂಗಿದ್ರೂ ಕೇಳಿಸ್ಲೇ ಇಲ್ಲ. ಎದ್ದು ಬರೋ ಹೊತ್ಗೆ ಎಲ್ಲಾ ಮುಗ್ದೋಗಿತ್ತು.”

“ಕೇಳಿಸ್ಲಿಲ್ಲ ಅಂದ್ರೆ ಮೂರು ಸಲ ಅಂತ ಹೆಂಗ್ ಗೊತ್ತಾಯ್ತವ್ವಾ?” ಎಂದ, ಪಕ್ಕದಲ್ಲಿದ್ದ ನಿವೃತ್ತ ಕಂಡಕ್ಟರ್ ಮಾದಪ್ಪ.

“ಮಾದಪ್ಪನವರೇ, ಇಲ್ಲಿ ಯಾರೂ ಯಾರನ್ನೂ ಪ್ರಶ್ನೆ ಮಾಡೋ ಹಾಗಿಲ್ಲ,” ವಸುಮತಿ ಮೆತ್ತಗೆ ಗದರಿದಳು. ತಪ್ಪು ಮಾಡದವರನ್ನೂ ತಪ್ಪಿತಸ್ಥ ಭಾವ ಹೇಗೆ ಸುಡುತ್ತದೆಂದು ಅವಳು ಎಷ್ಟು ಜನರಲ್ಲಿ ನೋಡಿಲ್ಲ! “ಅಮ್ಮ, ಈಗ ಆ ಕುರ್ಚಿಗೆ ಬನ್ನಿ. ನಿಮ್ಮ ಯಜಮಾನ್ರು ಏನಂತಾರೆ, ಕೇಳೋಣ.”

ಪುಟ್ಟತಾಯಮ್ಮ ಎದ್ದು ಹೋಗಿ ಅಲ್ಲಿ ಕೂತಳು. ಎದೆಯನ್ನು ಒತ್ತಿ ಹಿಡಿದುಕೊಂಡು, ತಾನು ಬಿಟ್ಟುಬಂದ ಕುರ್ಚಿಯನ್ನೇ ದಿಟ್ಟಿಸಿದಳು.

“ನಿದ್ದೆ ಎಲ್ಲಿ ಮಾಡ್ತಿದ್ದೆ ನೀನು? ನಾನು ಕೂಗಿದ ಮೂರು ಸಲಾನೂ ಬಾಗ್ಲ ಹಿಂದೆ ನಿನ್ನ ಬಳೆ ಸದ್ದು ಕೇಳ್ತಿತ್ತು.”