ಗಿರಿಯಪ್ಪನ ಬಿಳಿ ಕೋಲು

ಬಿಳಿ ಕೋಲು ಮತ್ತೆ ಶಾರವ್ವನ ಎಮ್ಮೆಗೆ ತಾಗಿತು. ಎಮ್ಮೆ ಒದೆಯಿತು. ಗಿರಿಯಪ್ಪ ಗಟಾರಕ್ಕೆ ಬಿದ್ದ. ಅಬಲೂರಿನ ಆ ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ನನ್ನ ಎಮ್ಮಿ ಮ್ಯಾಲ ಏನ ಸಿಟ್ಟೋ ಯಣ್ಣಾ!” ಎಂದಳು ಶಾರವ್ವ.

“ಏಳ್ರಿ, ಇನ್ನೊಮ್ಮೆ ನಡೀರಿ,” ಎಂದಳು ಹೆಂಡತಿ ಚೌಡವ್ವ, ಕಟ್ಟೆಯ ಮೇಲೆ ಕುಳಿತಲ್ಲಿಂದಲೇ.

ಹಿರೇಕೆರೂರಿನಿಂದ ಬಂದಿದ್ದ ವಿದ್ಯಾಳಿಗೆ ಸಾಕುಸಾಕಾಗಿತ್ತು. ಕಣ್ಣು ಮಂಜಾದವರಿಗೆ ಕೋಲು ಹಿಡಿದು ನಡೆಯಲು ಕಲಿಸುವುದು ಅವಳ ಕೆಲಸ. ಬೆಳಿಗ್ಗೆ ಅವಳು ಬಂದೊಡನೆ ಚೌಡವ್ವ ಗಂಡನನ್ನು ಮುಂದೆ ದೂಡಿದ್ದಳು: “ಮೊದಲ ಇವರಿಗೆ ಕಲಿಸ್ರಿ, ಅಕ್ಕೋರ.”

ಕಲಿಯದೆ ಗತಿಯೂ ಇರಲಿಲ್ಲ. ಈಗೀಗ ಗಂಡ ಹೆಂಡತಿ ಗಿರಣಿಗೂ ಕೈ ಕೈ ಹಿಡಿದೇ ಹೋಗುತ್ತಿದ್ದರು. ಈ ವಯಸ್ಸಿನಲ್ಲಿ ಇದೇನು ಸರಸ ಎಂದು ಓಣಿ ಕಿಸಕ್ಕನೆ ನಗುತ್ತಿತ್ತು. ಕೋಲು ಹಿಡಿದರೆ ಒಬ್ಬರೇ ಓಡಾಡಬಹುದು, ನಿಜ. ಆದರೆ ಕೋಲು ಕಂಡರೆ ಈ ಜನ ಇನ್ನೆಷ್ಟು ನಕ್ಕಾರೋ! ಆ ಹೆದರಿಕೆಗೇ ಮನೆಯಿಂದ ಹೊರಗೆ ಕಾಲಿಡುವುದು ಕಡಿಮೆಯಾಗಿತ್ತು.

“ಯಜ್ಜಾರ, ಕಣ್ಣ ಯಾಕ ಮುಚ್ಕೊಂಡೀರಿ? ಕಾಣೂವಷ್ಟರ ನೋಡ್ರಿ,” ಎಂದಳು ವಿದ್ಯಾ.

“ಕಣ್ಣ ಬಿಟ್ರ ಮೋಸ ಆಕ್ಕೈತ್ರಿ.”

ಎಂಥ ಮೊಂಡ ಮುದುಕನಪ್ಪಾ! ವಿದ್ಯಾ ಹಣೆ ಚಚ್ಚಿಕೊಂಡಳು. ಆತ ಮತ್ತೆ ಹೊರಟ. ಕೋಲು ಟಕ್ ಟಕ್ ಎಂದಿತು. ಆಮೇಲೆ ಟಣ್ ಎಂದಿತು.

“ಕೊಡ ಬಂತು, ಎಡಕ್ಕ ಸರೀರಿ!” ಚೌಡವ್ವ ಕೂಗಿದಳು.

ಆತ ಬಲಕ್ಕೆ ಸರಿದ. ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಬೋರಲು ಬಿದ್ದ. ಪಕ್ಕದ ಮನೆಯ ಫಕ್ಕೀರವ್ವ ನಕ್ಕು ನಕ್ಕು ಕೆಮ್ಮತೊಡಗಿದಳು. ಶಾರವ್ವನಿಗೆ ಬಿಕ್ಕಳಿಕೆ ಹಿಡಿಯಿತು. ಎದುರುಮನೆಯವರು ನೀರು ನೀರು ಎನ್ನುತ್ತ ಗೋಡೆಗೆ ಒರಗಿದರು.

ಗಿರಿಯಪ್ಪ ಸೀನುತ್ತ ಎದ್ದು ಕುಳಿತ. ಊರಲ್ಲಿ ಗಳಿಸಿದ ಮರ್ಯಾದೆಯೆಲ್ಲ ಒಂದೇ ಮುಂಜಾನೆಗೆ ಮಣ್ಣುಪಾಲಾಗಿತ್ತು, ಪಾಪ.

“ಸಾಕೇನ?” ಎಂದ ಹೆಂಡತಿಗೆ.

ಚೌಡವ್ವ ಕಿವಿಗೊಟ್ಟು ಕೇಳಿದಳು. ಓಣಿಯ ತುಂಬ ಬರೀ ಏದುಸಿರು. ನಗಲು ಯಾರಲ್ಲೂ ತ್ರಾಣ ಉಳಿದಿರಲಿಲ್ಲ.

“ಸಾಕು. ಕಣ್ಣ ತಗೀರಿ,” ಎಂದವಳು ಕಟ್ಟೆಯ ಅಂಚನ್ನು ತಡವುತ್ತ ಕೆಳಗಿಳಿದಳು. ಗಂಡನ ಸೀನು ಕೇಳಿದ ಕಡೆ ಕೈ ಚಾಚಿ ಕೋಲು ಇಸಿದುಕೊಂಡಳು.

“ನಗೂದೆಲ್ಲ ನಕ್ಕ ಮುಗಿಸ್ಯಾರ, ಅಕ್ಕೋರ. ಇನ್ನ ನನಗ ಕಲಿಸ್ರಿ. ಕಣ್ಣ ಮಂಜಾಗಿರೂದು ನನಗ.”