ಈರಣ್ಣನ ಕಿವಿಯ ಡ್ರೈವರ್

ಹುಬ್ಬಳ್ಳಿಯಲ್ಲಿ ಎಲ್ಲರ ಕಿವಿಯೊಳಗೂ ಯಂತ್ರವಿದ್ದ ಕಾಲವದು. ಯಾವ ದನಿಯನ್ನು ಒಳಬಿಡಬೇಕೆಂದು ತೀರ್ಮಾನಿಸುವ ಅದರ ತಂತ್ರಾಂಶವನ್ನು, ಅಂದರೆ ಕರ್ನಲ್ ಡ್ರೈವರ್‌ಗಳನ್ನು ರಿಪೇರಿ ಮಾಡುವುದು ಕಸ್ತೂರಿಯ ಕಸುಬು. ಒಂದು ಮಧ್ಯಾಹ್ನ ಗಂಡ ಈರಣ್ಣನೇ ಅಂಗಡಿಗೆ ಬಂದು ಕೂತ.

“ಬಸ್ಸಿನ ಹಾರ್ನ್ ಕೇಳಸವಲ್ದು. ಇವತ್ತ ಸ್ವಲ್ಪದ್ರಾಗ ಪಾರಾದೆ,” ಎಂದ.

ಕಸ್ತೂರಿ ಕೋಡ್ ತೆರೆದು ಸಾಲು ಸಾಲಾಗಿ ಓದಿದಳು. ಒಂದು ದನಿಯನ್ನು ಒಳಗೆ ಬಿಡಬಾರದೆಂದು ಯಾರೋ ನಿಯಮ ಬರೆದಿದ್ದರು. ಈಚೆಗೆ ಅದೇ ಕೆಟ್ಟು ಹಾರ್ನನ್ನೂ ನುಂಗುತ್ತಿತ್ತು. ತಡೆದಿದ್ದ ಆ ದನಿ ಕಸ್ತೂರಿಯದೇ. ಕೆಳಗೆ ಈರಣ್ಣನ ಒಪ್ಪಿಗೆಯಿತ್ತು, ಮದುವೆಯಾದ ಮರುವರ್ಷದ ತಾರೀಖಿನೊಡನೆ. ಹನ್ನೊಂದು ವರ್ಷ ಅವನು ಅವಳ ತುಟಿ ನೋಡಿಯೇ ಹೂಂಗುಟ್ಟಿದ್ದ.

ಅವಳು ಹಾರ್ನಿನ ದೋಷವನ್ನಷ್ಟೇ ಸರಿಪಡಿಸಿದಳು. ಬೀದಿಯಲ್ಲಿ ಬಸ್ಸೊಂದು ಕೂಗಿಕೊಂಡು ಹೋಯಿತು. “ಕೇಳಾಕತ್ತೈತಿ,” ಎಂದು ಈರಣ್ಣ ಹಿಗ್ಗಿದ.

ಕಸ್ತೂರಿ ಅವನಿಗೆ ಬೆನ್ನು ಮಾಡಿ ಚೀಲ ಎತ್ತಿಕೊಂಡಳು. “ನಾ ಇನ್ನ ಮನಿಗೆ ಬರೂದಿಲ್ಲ,” ಎಂದಳು.

ಅವನು ಬೀದಿಯ ಕಡೆ ಕಿವಿಗೊಟ್ಟು ಇನ್ನೊಂದು ಬಸ್ಸಿಗೆ ಕಾಯುತ್ತಿದ್ದ.